ಚಿಟ್ಟೆ, ಪತಂಗಗಳ ಮರಿಹುಳು: ಚಿತ್ರ ತೆಗೆದು ಗುರುತಿಸುವ ಬಗೆ

ಮಳೆ ಹಿಡಿದು ಹಿತ್ತಿಲ ಗಿಡಗಳು ಚಿಗುರುವ ಹೊತ್ತು ಉಡುಪಿ, ಮಂಗಳೂರಿನ ಆಸುಪಾಸಿನಲ್ಲಿ ಮರಿಹುಳುಗಳನ್ನು ಹುಡುಕಲು ಒಳ್ಳೆಯ ಕಾಲ. ಹುಡುಕಾಟವನ್ನು ಗಿಡದಿಂದಲೇ ಆರಂಭಿಸಬೇಕು. ಅನೇಕ ಪ್ರಭೇದಗಳ ಮರಿಗಳು ಕೆಲವೇ ಜಾತಿಯ ಎಲೆಗಳನ್ನು ತಿನ್ನುವುದರಿಂದ, ಗಿಡದ ಹೆಸರು ತಿಳಿದರೆ ಅರ್ಧ ಗುರುತು ಸಿಕ್ಕಂತೆ: ಈಶ್ವರಿ ಬಳ್ಳಿಯಲ್ಲಿ ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಅಥವಾ ಕ್ರಿಮ್ಸನ್ ರೋಸ್, ಎಕ್ಕದಲ್ಲಿ ಪ್ಲೇನ್ ಟೈಗರ್, ಮಾವು ಮತ್ತು ಗೇರಿನಲ್ಲಿ ಕಾಮನ್ ಬ್ಯಾರನ್. ಈ ಬ್ಯಾರನ್ ಮರಿಯು ಬೆನ್ನಿನ ಹಳದಿ ಗೆರೆಯನ್ನು ಎಲೆಯ ನಡುನರಕ್ಕೆ ಹೊಂದಿಸಿಕೊಂಡು ಮಲಗುವುದರಿಂದ ಕಣ್ಣೆದುರೇ ಇದ್ದರೂ ಕಾಣಿಸುವುದಿಲ್ಲ. ಹುಳು ಕಾಣದಿದ್ದರೆ ಕೆಳಗಿನ ಎಲೆಗಳ ಮೇಲೆ ಬಿದ್ದ ಹಿಕ್ಕೆಯನ್ನು ಗಮನಿಸಿ, ಅದರ ನೇರಕ್ಕೆ ಮೇಲಿರುವ ಎಲೆಗಳ ಅಡಿಭಾಗವನ್ನು ನೋಡಬೇಕು.

ಮುಖವಷ್ಟೇ ಸ್ಪಷ್ಟವಾಗಿದ್ದು ಉಳಿದುದೆಲ್ಲ ಮಸುಕಾದ ಚಿತ್ರವು ನೋಡಲು ಚೆಂದವಾದರೂ ಗುರುತಿಸಲು ಹೆಚ್ಚು ನೆರವಾಗದು. ಕ್ಯಾಮೆರಾವನ್ನು ಹುಳುವಿನ ದೇಹಕ್ಕೆ ಸಮಾನಾಂತರವಾಗಿ ಹಿಡಿದು ಪಕ್ಕದಿಂದ ತೆಗೆದ ಚಿತ್ರವೇ ಮುಖ್ಯವಾದುದು. ಕಾಲುಗಳು, ಉಸಿರಾಟದ ರಂಧ್ರಗಳು, ಪಕ್ಕದ ಪಟ್ಟೆಗಳು ಅದರಲ್ಲಿ ಮಾತ್ರ ಸರಿಯಾಗಿ ಕಾಣುತ್ತವೆ. ಬಳಿಕ ಬೆನ್ನು, ತಲೆ, ಹಿಂತುದಿ ಮತ್ತು ಹೂವು ಕಾಯಿಗಳ ಸಹಿತ ಗಿಡದ ಚಿತ್ರಗಳು ಬೇಕು. ಮೋಡದ ಬೆಳಕು ಮೃದುವಾಗಿರುವುದರಿಂದ ಅನುಕೂಲವೇ. ಫ್ಲ್ಯಾಷ್ ಅನಿವಾರ್ಯವಾದರೆ ಅದರ ಮುಂದೆ ತೆಳುವಾದ ಬಿಳಿ ಬಟ್ಟೆ ಹಿಡಿದರೆ ನುಣುಪು ಮೈಯ ಹೊಳಪು ತಗ್ಗುತ್ತದೆ.

ಗುರುತಿಸುವಾಗ ಮೊದಲು ಹೊಟ್ಟೆಯ ತಿರುಳುಗಾಲುಗಳನ್ನು, ಅಂದರೆ ಎದೆಯ ಮೂರು ಜೊತೆ ಕಾಲುಗಳ ಹಿಂದಿರುವ ಮೆತ್ತನೆಯ ಮೊಂಡು ಕಾಲುಗಳನ್ನು, ಎಣಿಸಬೇಕು. ಚಿಟ್ಟೆ, ಪತಂಗಗಳ ಮರಿಗಳಿಗೆ ಸಾಮಾನ್ಯವಾಗಿ ಐದು ಜೊತೆಗಿಂತ ಹೆಚ್ಚಿರುವುದಿಲ್ಲ. ಆರು ಅಥವಾ ಹೆಚ್ಚು ಜೊತೆ ಕಂಡರೆ ಅದು ಬಹುಶಃ ಕಣಜಗಳ ಸಂಬಂಧಿಯಾದ ಗರಗಸನೊಣದ (ಸಾಫ್ಲೈ) ಮರಿ. ಮೈಯನ್ನು ಕಮಾನಾಗಿಸಿ ನಡೆಯುವ ಲೂಪರ್ ಪತಂಗದ ಮರಿಗಳಿಗೆ ಸಾಮಾನ್ಯವಾಗಿ ಎರಡೇ ಜೊತೆ. ಹಿಂತುದಿಯಲ್ಲಿ ಕೊಂಬಿದ್ದರೆ ಹಾಕ್‌ಮಾತ್ ಪತಂಗದ ಮರಿ ಇರಬಹುದು. ಪ್ಲೇನ್ ಟೈಗರ್ ಮರಿಯ ಬೆನ್ನಿನ ಮೇಲೆ ದಾರದಂತಹ ಮೂರು ಜೊತೆ ಕಪ್ಪು ಎಳೆಗಳಿದ್ದರೆ, ಕಣಗಿಲೆಯ ಮೇಲೆ ಸಿಗುವ ಕಾಮನ್ ಕ್ರೋ ಮರಿಗೆ ನಾಲ್ಕು ಜೊತೆ.

ಬಣ್ಣವನ್ನು ಮಾತ್ರ ಅತಿಯಾಗಿ ನಂಬಬಾರದು. ನಿಂಬೆಯ ಎಲೆಯ ಮೇಲೆ ಲೈಮ್, ಕಾಮನ್ ಮಾರ್ಮನ್, ಬ್ಲೂ ಮಾರ್ಮನ್ ಈ ಮೂರೂ ಚಿಟ್ಟೆಗಳ ಎಳೆಮರಿಗಳು ಹಕ್ಕಿಯ ಹಿಕ್ಕೆಯಂತೆಯೇ ಇದ್ದು, ಬೆಳೆದ ಮೇಲಷ್ಟೇ ಹಸಿರಾಗುತ್ತವೆ. ಆದ್ದರಿಂದ ಅದೇ ಹುಳುವನ್ನು ಪೊರೆ ಕಳಚಿದಂತೆಲ್ಲ ಮತ್ತೆ ಮತ್ತೆ ಚಿತ್ರಿಸಿ, ದಿನಾಂಕ ಬರೆದಿಡುವುದು ಮೇಲು.

ರೋಮ, ಮುಳ್ಳುಗಳಿರುವ ಹುಳುಗಳನ್ನು, ಅದರಲ್ಲೂ ತೆಂಗಿನ ಗರಿಯಲ್ಲಿ ಸಿಗುವ ಸ್ಲಗ್ ಹುಳುಗಳನ್ನು (ಒಂದು ಬಗೆಯ ಪತಂಗದ ಮರಿಗಳು), ಬರಿಗೈಯಿಂದ ಮುಟ್ಟಬಾರದು. ರೋಮ ಚುಚ್ಚಿಕೊಂಡರೆ ಉಜ್ಜದೆ ಅಂಟುಪಟ್ಟಿಯಿಂದ ಎತ್ತಿ ತೊಳೆಯಬೇಕು. ಸೋಮೇಶ್ವರ ವನ್ಯಜೀವಿಧಾಮದಂತಹ ಕಾಡುಗಳಿಂದ ಹುಳುವನ್ನು ತರುವಂತಿಲ್ಲ. ಹಿತ್ತಿಲಿನಲ್ಲಿ ಸಿಕ್ಕಿದ್ದನ್ನು ಅದೇ ಗಿಡದ ಎಲೆ ಕೊಟ್ಟು ಸಾಕಬಹುದು. ಕೋಶದಿಂದ ಕೆಲವೊಮ್ಮೆ ಚಿಟ್ಟೆಯ ಬದಲು ಪರೋಪಜೀವಿ ಕಣಜ ಹೊರಬರುವುದುಂಟು, ಅದರ ಚಿತ್ರವನ್ನೂ ಅದೇ ಸರಣಿಗೆ ಸೇರಿಸಬೇಕು.