ಬ್ರೇಕ್ ಡಿಸ್ಕ್‌ಗೆ ತುಕ್ಕೇ? ಮೊದಲು ಬ್ರೇಕ್ ಒತ್ತಿ ನೋಡಿ

ರಾತ್ರಿ ಮಳೆ ಸುರಿದರೆ ಸಾಕು, ಬೆಳಗ್ಗೆ ಕಾರಿನ ಚಕ್ರದ ಸಂದಿಯಲ್ಲಿ ಡಿಸ್ಕ್ ಕೆಂಪಗೆ ಕಾಣುತ್ತದೆ. ಗಾಬರಿ ಬೇಡ. ಸಾಮಾನ್ಯವಾಗಿ ಡಿಸ್ಕ್ ಎರಕದ ಕಬ್ಬಿಣದ್ದು. ಬ್ರೇಕ್ ಒತ್ತಿದಾಗ ಅದನ್ನು ಅಮುಕಿ ಹಿಡಿಯುವುದು ಪ್ಯಾಡ್. ಆ ಪ್ಯಾಡ್ ಉಜ್ಜುವ ಜಾಗಕ್ಕೆ ಬಣ್ಣ ಬಳಿಯುವ ಹಾಗೂ ಇಲ್ಲ. ನೀರು ಬಿದ್ದ ಕೆಲವೇ ಗಂಟೆಗಳಲ್ಲಿ ತೆಳ್ಳಗೆ ತುಕ್ಕು ಕೂರುತ್ತದೆ. ಅದನ್ನು ಕೆರೆಯಲು ಪ್ಯಾಡೇ ಸಾಕು.

ನಿಧಾನವಾಗಿ ಹೊರಟು, ಬ್ರೇಕ್ ಹಿಡಿಯುತ್ತದಾ ಎಂದು ಮೊದಲು ನೋಡಿಕೊಳ್ಳಿ. ಖಾಲಿ ರಸ್ತೆ ಸಿಕ್ಕಾಗ ಗಂಟೆಗೆ 50 ಕಿ.ಮೀ. ವೇಗದಿಂದ ಹದವಾಗಿ ಬ್ರೇಕ್ ಒತ್ತಿ 10ಕ್ಕೆ ಇಳಿಸಿ. ಪೂರ್ತಿ ನಿಲ್ಲಿಸಬೇಡಿ. ಡಿಸ್ಕ್ ತಣಿಯಲು ಸ್ವಲ್ಪ ದೂರ ಓಡಿಸಿ, ಮತ್ತೆ ಹಾಗೇ ಮಾಡಿ. ಮೊದಲೆರಡು ಸಲ ಗರಗರ ಸದ್ದು ಬರುತ್ತದೆ. ಐದಾರು ಸಲಕ್ಕೆ ಸದ್ದು ಅಡಗಿ, ಡಿಸ್ಕ್ ಹೊಳೆಯುತ್ತದೆ. ಹೊರ ಅಂಚಿನಲ್ಲೂ ನಡುಭಾಗದಲ್ಲೂ ಕೆಂಪು ಉಳಿಯುತ್ತದೆ, ಅಲ್ಲಿ ಪ್ಯಾಡ್ ತಾಗುವುದಿಲ್ಲ. ಅದನ್ನು ಸುಮ್ನೆ ಬಿಡಿ.

ಕಾರು ವಾರಗಟ್ಟಲೆ ನಿಂತಿದ್ದು, ಇದಕ್ಕೂ ತುಕ್ಕು ಹೋಗದಿದ್ದರೆ ಚಕ್ರ ಬಿಚ್ಚಬೇಕು. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಬೇರೆ ಚಕ್ರಗಳಿಗೆ ಅಡ್ಡ ಇಡಿ. ಕಾರು ನೆಲದ ಮೇಲಿರುವಾಗಲೇ ನಟ್ ಸಡಿಲಿಸಿ, ಆಮೇಲೆ ಜಾಕ್ ಹಾಕಿ. ಎತ್ತಿದ ಮೇಲೆ ಕಾರಿನಡಿ ಸ್ಟ್ಯಾಂಡ್ ಕೊಡಲೇಬೇಕು. ಜಾಕ್ ಒಂದನ್ನೇ ನಂಬಬೇಡಿ. 80ರಿಂದ 120 ಗ್ರಿಟ್‌ನ ಸ್ಯಾಂಡ್ ಪೇಪರ್‌ನಿಂದ ಸುತ್ತಲೂ ಸಮನಾಗಿ ಉಜ್ಜಿ. ಒಂದೇ ಕಡೆ ಜಾಸ್ತಿ ಒತ್ತಬೇಡಿ. ಒಳಮೈ ಉಜ್ಜಲು ಪ್ಯಾಡ್‌ಗಳನ್ನು ಹಿಡಿದಿರುವ ಕ್ಯಾಲಿಪರ್ ಬಿಚ್ಚಬೇಕಾಗುತ್ತದೆ. ಬಿಚ್ಚಿದ್ದನ್ನು ತಂತಿಯಿಂದ ಮೇಲೆ ಕಟ್ಟಿಡಿ, ಬ್ರೇಕ್ ಪೈಪಿನ ಮೇಲೆ ಭಾರ ಬೀಳಬಾರದು. ಆಗ ಯಾರೂ ಪೆಡಲ್ ಒತ್ತದಂತೆಯೂ ನೋಡಿಕೊಳ್ಳಿ. ಈ ಕೆಲಸ ಹೊಸದಾದರೆ ಮೆಕ್ಯಾನಿಕ್‌ಗೇ ಬಿಡುವುದು ಒಳ್ಳೆಯದು.

ದೂಳನ್ನು ಬಾಯಿಂದ ಊದಬೇಡಿ, ಗಾಳಿ ಪಂಪ್‌ನಿಂದಲೂ ಬೇಡ. ಮಾಸ್ಕ್ ಹಾಕಿಕೊಂಡು, ಬ್ರೇಕ್ ಕ್ಲೀನರ್ ಸಿಂಪಡಿಸಿ, ಬಟ್ಟೆಯಲ್ಲಿ ಒರೆಸಿ. ತುಕ್ಕು ಬಿಡಿಸುವ ಎಣ್ಣೆ ಕೈಗೆ ಸಿಗುತ್ತದೆಂದು ಅದನ್ನು ಹೊಡೆದೀರಿ! ಪ್ಯಾಡ್ ಎಣ್ಣೆ ಕುಡಿದರೆ ಬ್ರೇಕ್ ಹಿಡಿಯುವುದಿಲ್ಲ, ಪ್ಯಾಡನ್ನೇ ಬದಲಿಸಬೇಕು.

ಎಲ್ಲ ಜೋಡಿಸಿದ ಮೇಲೆ ನಟ್‌ಗಳನ್ನು ಎದುರುಬದುರಾಗಿ ಬಿಗಿ ಮಾಡಿ. ಹೊರಡುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಒತ್ತುತ್ತಲೇ ಇರಿ.

ಉಜ್ಜಿದ ಮೇಲೂ ಉಗುರಿಗೆ ಕುಳಿ ತಾಗುತ್ತದಾ? ಬ್ರೇಕ್ ಒತ್ತಿದಾಗ ಪೆಡಲ್ ಅದುರುತ್ತದಾ? ಅದು ಮೇಲ್ಮೈ ತುಕ್ಕಲ್ಲ, ಡಿಸ್ಕ್ ಬದಲಿಸಬೇಕೇ ಎಂದು ಮೆಕ್ಯಾನಿಕ್‌ಗೆ ತೋರಿಸಿ. ಕನಿಷ್ಠ ಎಷ್ಟು ದಪ್ಪ ಇರಬೇಕೆಂದು ಸಾಮಾನ್ಯವಾಗಿ ಡಿಸ್ಕ್ ಮೇಲೇ ಅಚ್ಚು ಹಾಕಿರುತ್ತಾರೆ.

ಎಲೆಕ್ಟ್ರಿಕ್ ಕಾರುಗಳಲ್ಲಿ ಈ ತುಕ್ಕು ಇನ್ನೂ ಜಾಸ್ತಿ. ಅಲ್ಲಿ ಮೋಟಾರೇ ವೇಗ ಇಳಿಸುವುದರಿಂದ ಪ್ಯಾಡ್‌ಗೆ ಕೆಲಸ ಕಡಿಮೆ, ಅಲ್ವಾ? ಹಾಗಾಗಿ ಆಗಾಗ ಸ್ವಲ್ಪ ಜೋರಾಗಿ ಬ್ರೇಕ್ ಒತ್ತುತ್ತಿರಿ. ಇನ್ನು ಯಾವ ಕಾರೇ ಇರಲಿ, ತೊಳೆದ ಕೂಡಲೇ ಮೂಲೆಗೆ ನಿಲ್ಲಿಸಬೇಡಿ. ಒಂದು ಸುತ್ತು ಓಡಿಸಿ, ನಾಲ್ಕು ಸಲ ಬ್ರೇಕ್ ಹಿಡಿದು ಡಿಸ್ಕ್ ಒಣಗಿಸಿ, ಆಮೇಲೆ ನಿಲ್ಲಿಸಿ.