ಕಚೇರಿ ವೈಟ್‌ಫೀಲ್ಡಿನಲ್ಲಿ, ಮನೆ ಕೆಂಗೇರಿಯಲ್ಲಿ: ನನ್ನ ಅನುಭವ

ನನ್ನ ಪತ್ನಿಗೆ ವೈಟ್‌ಫೀಲ್ಡಿನ ಐಟಿಪಿಎಲ್ ಟೆಕ್ ಪಾರ್ಕಿನ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿ, 2024ರ ಆರಂಭದಲ್ಲಿ ನಾವು ಮೈಸೂರಿನಿಂದ ಬೆಂಗಳೂರಿಗೆ ಬರುವುದೆಂದು ತೀರ್ಮಾನವಾದಾಗ, ಕೆಂಗೇರಿ ಉಪನಗರದಲ್ಲಿ ಮನೆ ಹಿಡಿಯೋಣ ಎಂದ ನನ್ನ ಮಾತಿಗೆ ಯಾರೂ ತಲೆದೂಗಲಿಲ್ಲ. ಅವಳ ಸಹೋದ್ಯೋಗಿಗಳು ಕುಂದಲಹಳ್ಳಿ, ಹೂಡಿ, ಮಾರತಹಳ್ಳಿಯ ಹೆಸರುಗಳನ್ನು ಹೇಳಿದರು. ನನ್ನ ಭಾವನವರಂತೂ “ಆಫೀಸು ಮೂಡಲಿಗೆ, ಮನೆ ಪಡುವಲಿಗೆ; ದಿನಾ ಎರಡು ಸಲ ಊರು ಅಳೆಯುತ್ತೀರಾ?” ಎಂದು ನೇರವಾಗಿಯೇ ಕೇಳಿದರು. ಈಗ ಒಂದೂವರೆ ವರ್ಷ ದಾಟಿದೆ, ನಾವು ಅಲ್ಲಿಯೇ ಇದ್ದೇವೆ. ಈಚೆಗೆ ಅದೇ ಭಾವನವರು ತಮ್ಮ ಮಗಳಿಗೆ ಮನೆ ನೋಡಲು ನನ್ನನ್ನೇ ಜೊತೆಗೆ ಕರೆದೊಯ್ದರು ಎಂಬುದನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತೇನೆ.

ನಮ್ಮ ಸ್ಥಿತಿ ಹೀಗಿತ್ತು. ನಾನು ಜಿಎಸ್‌ಟಿ ಮತ್ತು ಆದಾಯ ತೆರಿಗೆಯ ಲೆಕ್ಕಪತ್ರ ನೋಡುವವನು. ನನ್ನ ಕಕ್ಷಿದಾರರೆಲ್ಲ ಮೈಸೂರಿನ ಅಂಗಡಿಯವರು, ವಾರಕ್ಕೆರಡು ದಿನ ಅಲ್ಲಿಗೆ ಹೋಗಲೇಬೇಕು. ಅಪ್ಪ ಅಮ್ಮ ಮೈಸೂರಿನಲ್ಲಿದ್ದಾರೆ. ಮಗಳು ಆಗ ನಾಲ್ಕನೇ ತರಗತಿಗೆ ಹೋಗಬೇಕಿತ್ತು. ಹೀಗಿರುವಾಗ ಕೆಲಸ ಸಿಕ್ಕವರ ಕಚೇರಿಯಿಂದ ಎಷ್ಟು ಕಿಲೋಮೀಟರ್ ಎಂಬ ಒಂದೇ ಅಳತೆಯಿಂದ ಮನೆ ಹುಡುಕುವುದು ನನಗೆ ಸರಿಕಾಣಲಿಲ್ಲ. ಮನೆಯವರೆಲ್ಲರ ಓಡಾಟವನ್ನೂ ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಬ್ಬರೂ ವಾರದಲ್ಲಿ ದಾರಿಯಲ್ಲಿ ಕಳೆಯುವ ಗಂಟೆಗಳನ್ನು ಕೂಡಿಸಿ, ಆ ಗಂಟೆಗಳಲ್ಲಿ ಕುಳಿತು ಹೋಗುವುದೆಷ್ಟು, ನಿಂತು ಹೋಗುವುದೆಷ್ಟು, ಗಾಡಿ ಬದಲಿಸುವುದೆಷ್ಟು ಎಂದು ಬೇರೆ ಬೇರೆ ಗೆರೆ ಎಳೆದೆ. ಈ ಲೆಕ್ಕದಲ್ಲಿ ಮೆಟ್ರೊ ನೇರಳೆ ಮಾರ್ಗದ ಪಶ್ಚಿಮದ ತುದಿಯೇ ಮೇಲೆ ಬರುತ್ತಿತ್ತು. 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ–ಕೆ.ಆರ್. ಪುರ ಮತ್ತು ಕೆಂಗೇರಿ–ಚಲ್ಲಘಟ್ಟ ತುಂಡುಗಳು ಸೇರಿ ಆ ಮಾರ್ಗ ಪೂರ್ಣವಾದ ಮೇಲೆ, ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ ಸುಮಾರು 43 ಕಿಲೋಮೀಟರ್ ಒಂದೇ ಗಾಡಿ. ಕೆಂಗೇರಿಯಲ್ಲಿ ಹತ್ತಿದರೆ ಐಟಿಪಿಎಲ್ ಪಕ್ಕದ ಪಟ್ಟಂದೂರು ಅಗ್ರಹಾರ ನಿಲ್ದಾಣಕ್ಕೆ ಒಂದು ಗಂಟೆ ಇಪ್ಪತ್ತು ನಿಮಿಷದ ಆಸುಪಾಸು ಹಿಡಿಯುತ್ತದೆ, ಆದರೆ ಬೆಳಿಗ್ಗೆ ಕೂರಲು ಜಾಗ ಸಿಗುತ್ತದೆ.

ಆದರೂ ಮೊದಲು ಎಲ್ಲರ ಮಾತಿನಂತೆ ಕುಂದಲಹಳ್ಳಿಯ ಕಡೆಗೇ ಹೋದೆವು. ಅಪಾರ್ಟ್‌ಮೆಂಟಿನಲ್ಲಿ ಎರಡು ಕೋಣೆಯ ಮನೆ, ಬಾಡಿಗೆ ಮೂವತ್ತನಾಲ್ಕು ಸಾವಿರ, ನಿರ್ವಹಣಾ ವೆಚ್ಚ ನಾಲ್ಕು ಸಾವಿರದ ಮೇಲೆ, ಅಡ್ವಾನ್ಸ್ ಎರಡು ಲಕ್ಷ. ನಾವು ಸೇರಿಕೊಂಡ ಕೆಲವೇ ವಾರಗಳಲ್ಲಿ 2024ರ ಮಾರ್ಚ್‌ನ ನೀರಿನ ಬರ ಬಂತು. ಕೊಳವೆಬಾವಿಯನ್ನೇ ನಂಬಿದ ಕಟ್ಟಡ ಅದು. ಬಾವಿ ಬತ್ತಿತು, ಟ್ಯಾಂಕರಿಗೆ ಸರತಿ ಶುರುವಾಯಿತು. ಐದು ಕಿಲೋಮೀಟರ್ ಒಳಗೆ 12,000 ಲೀಟರ್ ಟ್ಯಾಂಕರಿಗೆ ಒಂದು ಸಾವಿರ ರೂಪಾಯಿ ಎಂದು ಜಿಲ್ಲಾಡಳಿತ ದರ ನಿಗದಿ ಮಾಡಿತಾದರೂ ಆ ದರಕ್ಕೆ ನಮ್ಮ ಗೇಟಿಗೆ ಗಾಡಿ ಬಂದದ್ದನ್ನು ನಾನು ನೋಡಲಿಲ್ಲ. ನೀರಿಗೆಂದೇ ತಿಂಗಳಿಗೆ ಎರಡೂವರೆ ಸಾವಿರ ಹೆಚ್ಚುವರಿ ಕೊಟ್ಟೆವು. ಕಚೇರಿ ನಾಲ್ಕೈದು ಕಿಲೋಮೀಟರ್ ದೂರದಲ್ಲಿದ್ದರೂ ಸಂಜೆ ಆಟೋದಲ್ಲಿ ಪತ್ನಿ ಮನೆ ಸೇರುವುದಕ್ಕೆ ಕೆಲವು ದಿನ ಇಪ್ಪತ್ತೈದು ನಿಮಿಷ, ಮಳೆ ಬಂದ ದಿನ ಒಂದು ಗಂಟೆ. ನಾನು ಮೈಸೂರಿಗೆ ಹೊರಟರೆ ಊರು ದಾಟುವುದಕ್ಕೇ ಎರಡು ಗಂಟೆ ಹೋಗುತ್ತಿತ್ತು. ಬೇಸಿಗೆ ರಜೆ ಮುಗಿಯುವ ಮುನ್ನವೇ ಬಿಟ್ಟೆವು. ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ, ಅವಧಿಗೆ ಮುಂಚೆ ಬಿಟ್ಟದ್ದಕ್ಕೆ ಇನ್ನೊಂದು ತಿಂಗಳದು ಅಡ್ವಾನ್ಸಿನಲ್ಲಿ ಮುರಿದುಕೊಂಡರು. ಸಾಮಾನು ಸಾಗಿಸಿದ ಖರ್ಚೂ ಸೇರಿದರೆ ಆ ಮನೆ ನಮಗೆ ತೊಂಬತ್ತು ಸಾವಿರದಷ್ಟು ನಷ್ಟ ಮಾಡಿತು.

ಅಲ್ಲಿಂದ ಹೊರಬಂದ ಮೇಲೆ ಒಂದು ತಿಂಗಳ ಮಟ್ಟಿಗೆ ಅವಳು ಸೀಸನ್ ಪಾಸು ಮಾಡಿಸಿಕೊಂಡು ಮೈಸೂರಿನಿಂದಲೇ ಓಡಾಡಿದಳು. ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ ಎರಡೂವರೆ ಗಂಟೆಗೆ ಮೆಜೆಸ್ಟಿಕ್ ಮುಟ್ಟಿಸುತ್ತದೆ, ಅಲ್ಲಿಂದ ಮೆಟ್ರೊ. ಹಣದ ಮಟ್ಟಿಗೆ ಇದಕ್ಕಿಂತ ಅಗ್ಗದ ದಾರಿ ಇಲ್ಲ. ಆದರೆ ಸಂಜೆ ಆರು ದಾಟಿದ ಮೇಲೆ ಹೊರಡುವ ಅದೇ ಗಾಡಿ ಹಿಡಿಯಲು ಐದಕ್ಕೇ ಕಚೇರಿ ಬಿಡಬೇಕಿತ್ತು, ಹೊಸ ಕೆಲಸದಲ್ಲಿ ಅದು ನಡೆಯುವ ಮಾತಾಗಿರಲಿಲ್ಲ. ಅದೇ ದಿನಗಳಲ್ಲಿ ರಾಮನಗರದಲ್ಲಿ ಹನ್ನೊಂದು ಸಾವಿರಕ್ಕೆ ಒಳ್ಳೆಯ ಮನೆಯೊಂದನ್ನೂ ನೋಡಿದೆ. ಮೆಮು ರೈಲು ತಪ್ಪಿದ ದಿನ ಏನು ಮಾಡುವುದು ಎಂಬ ಅವಳ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ತಿಂಗಳ ಬಾಡಿಗೆಯ ಬದಲು ಒಟ್ಟಿಗೆ ದೊಡ್ಡ ಮೊತ್ತ ಇಟ್ಟು, ಬಿಡುವಾಗ ಹಿಂಪಡೆಯುವ ಭೋಗ್ಯದ ಮನೆಯನ್ನೂ ಪರೀಕ್ಷಿಸಿದೆ. ನಾಗರಬಾವಿಯ ಕಡೆ ಹದಿನೆಂಟು ಲಕ್ಷಕ್ಕೆ ಮೂರು ವರ್ಷ ಎಂದಿದ್ದರು. ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಋಣಭಾರ ಪತ್ರ (ಇ.ಸಿ.) ತೆಗೆಸಿದಾಗ ಆ ಮನೆ ಬ್ಯಾಂಕಿಗೆ ಅಡವಾಗಿರುವುದು ಕಂಡಿತು, ಅಂದೇ ಕೈಬಿಟ್ಟೆ. ಭೋಗ್ಯಕ್ಕೆ ಹೋಗುವವರು ಮನೆಯ ಅಂದಚಂದ ನೋಡುವ ಮೊದಲು ಆ ಪತ್ರ ನೋಡಲಿ.

ಕೆಂಗೇರಿ ಉಪನಗರದಲ್ಲಿ ಮನೆ ನೋಡುವಾಗ ನಾನು ಬ್ರೋಕರನ್ನು ಕೆಳಗೆ ಕೂರಿಸಿ ಮೊದಲು ಸಂಪಿನ ಮುಚ್ಚಳ ತೆಗೆಸುತ್ತಿದ್ದೆ. ಸಂಪಿನ ಗೋಡೆಯ ಮೇಲೆ ನೀರು ನಿಂತ ಗುರುತು ಪದರ ಪದರವಾಗಿ ಉಳಿದಿರುತ್ತದೆ. ಮೇಲಿನ ಪಾಚಿಯ ಗೆರೆ ಒದ್ದೆಯಾಗಿದ್ದರೆ ಈಚೆಗೆ ತುಂಬಿದೆ, ಒಣಗಿ ಸಿಪ್ಪೆ ಏಳುತ್ತಿದ್ದರೆ ತಿಂಗಳುಗಳಿಂದ ಆ ಮಟ್ಟಕ್ಕೆ ನೀರು ಬಂದಿಲ್ಲ. ಆಮೇಲೆ ಬಚ್ಚಲಿಗೆ ಹೋಗಿ ಷವರಿನ ತೂತುಗಳನ್ನು ಉಗುರಿನಿಂದ ಕೆರೆಯುತ್ತಿದ್ದೆ. ಬಿಳಿ ಸುಣ್ಣದಂಥದ್ದು ಗಟ್ಟಿಯಾಗಿ ಉದುರಿದರೆ, ಮಾಲೀಕರು ಏನೇ ಹೇಳಲಿ, ಆ ಮನೆ ನಡೆಯುತ್ತಿರುವುದು ಕೊಳವೆಬಾವಿಯ ನೀರಿನಲ್ಲಿ. ನೀರು ಬಿಡುವ ವಾಲ್ವ್‌ಮ್ಯಾನ್‌ನನ್ನು ಬೆಳಿಗ್ಗೆ ಬೀದಿಯಲ್ಲೇ ನಿಲ್ಲಿಸಿ ಕಾವೇರಿ ಯಾವ ದಿನ, ಎಷ್ಟು ಹೊತ್ತು ಬರುತ್ತದೆಂದು ವಿಚಾರಿಸಿದೆ. ಅವರು ಹೇಳಿದ್ದಕ್ಕೂ ಮಾಲೀಕರು ಹೇಳಿದ್ದಕ್ಕೂ ತಾಳೆಯಾದ ಮನೆಗಳು ಎರಡೇ. ಹಿಡಿದದ್ದು ಅವುಗಳಲ್ಲೊಂದು: ಮೊದಲ ಅಂತಸ್ತು, ಎರಡು ಕೋಣೆ, ಬಾಡಿಗೆ ಹತ್ತೊಂಬತ್ತು ಸಾವಿರ.

ಇನ್ನೊಂದು ಮನೆ ನೀರಿನಲ್ಲಿ ಸಮನಾಗಿದ್ದರೂ ಬಿಟ್ಟದ್ದಕ್ಕೆ ಕಾರಣ ಪ್ಯಾನ್. ವರ್ಷದ ಬಾಡಿಗೆ ಒಂದು ಲಕ್ಷ ಮೀರಿದರೆ, ಹಳೆಯ ತೆರಿಗೆ ಪದ್ಧತಿಯಲ್ಲಿ ಎಚ್‌ಆರ್‌ಎ (ಸಂಬಳದಲ್ಲಿನ ಮನೆ ಬಾಡಿಗೆ ಭತ್ಯೆ) ವಿನಾಯಿತಿ ಕೇಳುವವರು ಮಾಲೀಕರ ಪ್ಯಾನ್ ಕೊಡಬೇಕು. ಆ ಮಾಲೀಕರು ಕೊಡುವುದಿಲ್ಲ ಎಂದರು. ವರ್ಷಕ್ಕೆ ಕೈತಪ್ಪುವ ತೆರಿಗೆ ವಿನಾಯಿತಿಯನ್ನು ಬಾಡಿಗೆಗೆ ಕೂಡಿಸಿ ನೋಡಿದರೆ ಅದು ಅಗ್ಗದ ಮನೆಯಾಗಿರಲಿಲ್ಲ. ವಾಡಿಕೆಯ ಹತ್ತು ತಿಂಗಳ ಅಡ್ವಾನ್ಸನ್ನು ನಾನು ಐದಕ್ಕೆ ಇಳಿಸಿದ ಬಗೆಯನ್ನು ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ನನ್ನ ವೃತ್ತಿಗೆ ಸೇರಿದ ಸಂಗತಿಯೊಂದಿದೆ.

ಸಹಿ ಹಾಕುವ ಮುನ್ನ ಅವಳು ಆ ಬೀದಿಯ ಸಮೀಪದ ಪಿ.ಜಿ.ಯಲ್ಲಿ ಒಂದು ವಾರ ತಂಗಿ, ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿಯೇ ದಿನವೂ ಕಚೇರಿಗೆ ಹೋಗಿಬಂದಳು. ಅದಕ್ಕೆ ನಾಲ್ಕು ಸಾವಿರದಷ್ಟು ಖರ್ಚಾಯಿತು. ಕುಂದಲಹಳ್ಳಿಯಲ್ಲಿ ಕಳೆದುಕೊಂಡದ್ದರ ಮುಂದೆ ಅದು ಯಾವ ಲೆಕ್ಕಕ್ಕೂ ಅಲ್ಲ. ಸೋಮವಾರದ ನೂಕುನುಗ್ಗಲು, ಶುಕ್ರವಾರದ ಸಂಜೆ ಎರಡೂ ಆ ವಾರದಲ್ಲಿ ಸಿಗಬೇಕು, ಭಾನುವಾರ ಕಾರಿನಲ್ಲಿ ಹೋಗಿ ನೋಡಿದ್ದು ನೋಡಿದಂತಲ್ಲ. ಬೆಳಿಗ್ಗೆ ಸೀಟು ಸಿಗುವುದು ಖಚಿತವಾಯಿತು. ಸಂಜೆ ಪಟ್ಟಂದೂರು ಅಗ್ರಹಾರದಲ್ಲಿ ಗಾಡಿ ಮೂರು ನಿಲ್ದಾಣಗಳ ಜನರನ್ನು ತುಂಬಿಕೊಂಡೇ ಬರುತ್ತದೆ. ಆದರೂ ಅವಳು ಬಹುಮಟ್ಟಿಗೆ ಕುಳಿತೇ ಬರುತ್ತಾಳೆ. ಹೇಗೆ ಎಂಬುದನ್ನು ಹೇಳಬೇಡಿ ಎಂದು ಅವಳದೇ ಕಟ್ಟಪ್ಪಣೆ. ಎಲ್ಲರೂ ಮಾಡತೊಡಗಿದರೆ ಆ ಉಪಾಯ ನಿಲ್ಲುವುದಿಲ್ಲ.

ಹಣದ ಲೆಕ್ಕವನ್ನು ನೆನಪಿನಿಂದಲೇ ಹೇಳುತ್ತೇನೆ. ಅವಳಿಗೆ ವಾರದಲ್ಲಿ ನಾಲ್ಕು ದಿನ ಕಚೇರಿ. 2025ರ ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದ್ದರಿಂದ ತಿಂಗಳ ಪ್ರಯಾಣ ವೆಚ್ಚ ಎರಡು ಸಾವಿರದಿಂದ ಮೂರು ಸಾವಿರದ ಹತ್ತಿರಕ್ಕೆ ಬಂತು, ಸ್ಮಾರ್ಟ್ ಕಾರ್ಡಿನ ರಿಯಾಯಿತಿ ಸೇರಿಯೇ. ಈ ಏರಿಕೆ ನಮಗೆ ನೋವುಂಟುಮಾಡಿತು, ಅದನ್ನು ಮುಚ್ಚಿಡುವುದಿಲ್ಲ. ಆದರೂ ಬಾಡಿಗೆ, ನಿರ್ವಹಣೆ, ನೀರು, ಆಟೋ ಎಲ್ಲ ಕೂಡಿಸಿದರೆ ಕುಂದಲಹಳ್ಳಿಗಿಂತ ತಿಂಗಳಿಗೆ ಹದಿನೈದು ಸಾವಿರಕ್ಕೆ ಕಡಿಮೆಯಿಲ್ಲದಂತೆ ಉಳಿಯುತ್ತಿದೆ. ಮಗಳು ಶಾಲೆಗೆ ನಡೆದೇ ಹೋಗುತ್ತಾಳೆ. ವರ್ಗಾವಣೆ ಪತ್ರದ ಜೊತೆಗೆ ಶಿಕ್ಷಣ ಇಲಾಖೆಯ ದಾಖಲೆಯಲ್ಲಿರುವ ಅವಳ ವಿದ್ಯಾರ್ಥಿ ಸಂಖ್ಯೆ (ಸ್ಯಾಟ್ಸ್) ಹೊಸ ಶಾಲೆಗೆ ವರ್ಗವಾಗುವ ತನಕ ನಾನು ಹಳೆಯ ಶಾಲೆಯ ಬೆನ್ನು ಬಿಡಲಿಲ್ಲ. ನಾನು ಕೆಂಗೇರಿಯಿಂದಲೇ ಮೈಸೂರಿನ ಗಾಡಿ ಹತ್ತುತ್ತೇನೆ, ಬೆಳಿಗ್ಗೆ ಹೋಗಿ ಅಪ್ಪನ ಜೊತೆ ಊಟ ಮಾಡಿ ರಾತ್ರಿ ಮನೆಗೆ ಬರುತ್ತೇನೆ.

ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ವಿಷಯದಲ್ಲಿ ಮಾತ್ರ ಬಹಳ ಅಲೆದೆ. ನಮ್ಮ ಮನೆಯ ವಿದ್ಯುತ್ ಸಂಪರ್ಕದ ಆರ್‌ಆರ್ ಸಂಖ್ಯೆ ಹಿಂದಿನ ಬಾಡಿಗೆದಾರರ ಆಧಾರಿಗೇ ಜೋಡಣೆಯಾಗಿತ್ತು, ಅದನ್ನು ಬಿಡಿಸುವ ಸೌಲಭ್ಯ ಬಂದದ್ದು 2024ರ ಆಗಸ್ಟಿನಲ್ಲಿ. ಅಲ್ಲಿಯವರೆಗೆ ವಿದ್ಯುತ್ ಬಿಲ್ಲು ಪೂರ್ತಿ ಕಟ್ಟಿದೆವು. ಮನೆ ಬದಲಿಸುವವರು ಕೀಲಿ ಕೈಗೆ ಬಂದ ದಿನವೇ ಆ ಜೋಡಣೆ ಯಾರ ಹೆಸರಿನಲ್ಲಿದೆ ಎಂದು ಕೇಳಿಕೊಳ್ಳಬೇಕು.

ಹನ್ನೊಂದು ತಿಂಗಳ ಮೊದಲ ಕರಾರು ಮುಗಿದಾಗ ಬಾಡಿಗೆ ಶೇ 5ರಷ್ಟು ಏರಿತು, ಮರುಮಾತಿಲ್ಲದೆ ಒಪ್ಪಿದೆ. ಮಾಲೀಕರು ಮೇಲೆ ಇನ್ನೊಂದು ಅಂತಸ್ತು ಕಟ್ಟಿಸುವ ಯೋಚನೆಯಲ್ಲಿದ್ದಾರೆ. ಕಟ್ಟಡದ ಕೆಲಸಕ್ಕೆ ಸಂಪಿನ ನೀರು ಮುಟ್ಟದೆ ಟ್ಯಾಂಕರ್ ತರಿಸಬೇಕೆಂದು ಹೊಸ ಕರಾರಿನಲ್ಲಿ ಒಂದು ಸಾಲು ಸೇರಿಸಲು ಕೇಳಿದೆ. ಅವರು ಅದನ್ನು ತಮ್ಮ ಕೈಯಿಂದಲೇ ಬರೆದು ಸಹಿ ಹಾಕಿಕೊಟ್ಟರು.