ಕೊನೆಗೆ ಉಳಿದದ್ದು ಆರೇ ಕಾಲಂ

ಇಂಟೀರಿಯರ್ ಕೆಲಸ ಶುರು ಮಾಡಿದಾಗ ನಾವಿದ್ದದ್ದು ಮೂರೇ ಜನ. ಗ್ರಾಹಕರ ವಿವರವೆಲ್ಲ ವಾಟ್ಸಾಪ್, ಡೈರಿ, ಒಂದು ಶೀಟು ಹೀಗೆ ಚೆಲ್ಲಾಪಿಲ್ಲಿ. ಒಬ್ಬರಿಗೆ ಕೊಟೇಶನ್ ಕಳಿಸಿದೆವು. ಮತ್ತೆ ಫೋನ್ ಮಾಡಿರುವುದು ಪಾರ್ಟ್ನರ್ ಅಂತ ನಾನು ಅಂದುಕೊಂಡಿದ್ದೆ, ನಾನು ಮಾಡಿದ್ದೇನೆ ಅಂತ ಅವನು. ಮೂರು ವಾರ ಬಿಟ್ಟು ಕೇಳಿದರೆ ಬೇರೆಯವರು ಅಳತೆ ತಗೊಂಡು ಹೋಗಿಯೂ ಆಗಿತ್ತು. ಆವತ್ತೇ ಸಿಆರ್‌ಎಂ, ಅಂದರೆ ಗ್ರಾಹಕರ ವಿವರ, ಮಾತುಕತೆ ಎಲ್ಲ ಒಂದೇ ಕಡೆ ಇಡುವ ಸಾಫ್ಟ್‌ವೇರ್, ಹುಡುಕಲು ಕೂತೆ.

ಮೊದಲ ವಾರ ದಂಡ. ಸುಮ್ನೆ ಫೀಚರ್ ಪಟ್ಟಿ ಹೋಲಿಸುತ್ತಾ ಕೂತಿದ್ದೆ. ಲೀಡ್ ಸ್ಕೋರಿಂಗ್ (ವಿಚಾರಿಸಿದವರಲ್ಲಿ ಯಾರು ಕೊಳ್ಳಬಹುದು ಅಂತ ಅಂಕ ಕೊಡುವುದು), ಇಮೇಲ್ ಕ್ಯಾಂಪೇನ್... ತಿಂಗಳಿಗೆ ಹತ್ತು ಹದಿನೈದು ಜನ ವಿಚಾರಿಸುವ ಕಡೆ ಸ್ಕೋರು ಯಾಕೆ? ನಮಗೆ ಬೇಕಿದ್ದದ್ದು ಇಷ್ಟೇ: ಯಾರು ಕೇಳಿದರು, ನಾವೇನು ಹೇಳಿದೆವು, ಮತ್ತೆ ಯಾವತ್ತು ಫೋನ್ ಮಾಡಬೇಕು.

ದರ ಸಾಮಾನ್ಯವಾಗಿ ತಲೆಗಿಷ್ಟು, ತಿಂಗಳಿಗಿಷ್ಟು ಅಂತ ಇರುತ್ತದೆ. ತಿಂಗಳ ದರ ತೋರಿಸಿ ವರ್ಷದ್ದು ಒಟ್ಟಿಗೇ ಕೇಳುವುದೂ ಉಂಟು. ಜೋಹೋ ಸಿಆರ್‌ಎಂನಲ್ಲಿ 3 ಜನರವರೆಗೆ ಉಚಿತ, ಹಬ್‌ಸ್ಪಾಟ್‌ಗೂ ಉಚಿತ ಆವೃತ್ತಿ ಇದೆ. ಆದರೆ ನಾಲ್ಕನೆಯವರು ಸೇರಿದರೆ ಎಷ್ಟಾಗುತ್ತದೆ ಅಂತ ಮೊದಲೇ ಲೆಕ್ಕ ಹಾಕಿಟ್ಟುಕೊಂಡೆ.

ನಿಜವಾದ ಪರೀಕ್ಷೆ ಮೂರು ಸಾಫ್ಟ್‌ವೇರ್‌ಗಳಿಗೆ ನಮ್ಮದೇ ಡೇಟಾ ಹಾಕಿದಾಗ. ನಲವತ್ತು ಹೆಸರಿನ ಸಿಎಸ್‌ವಿ ಫೈಲ್ (ಶೀಟಿನ ಸಾದಾ ಅಕ್ಷರ ರೂಪ) ಏರಿಸಿದೆ. ಕನ್ನಡದ ಹೆಸರೆಲ್ಲ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ! ಕನ್ನಡ ಅಕ್ಷರವೂ ಹಿಡಿಸುವ ಯುಟಿಎಫ್-8 ರೂಪದಲ್ಲಿ ಸೇವ್ ಮಾಡಿದ ಮೇಲೆ ಸರಿಹೋಯಿತು. ಫೋನ್ ನಂಬರಿನ ಕಥೆ ಇನ್ನೂ ಕೆಟ್ಟದು. ದೇಶದ ಕೋಡ್ ಸೇರಿ 12 ಅಂಕಿಯಾದ್ದರಿಂದ ಶೀಟು ಅದನ್ನು ದೊಡ್ಡ ಸಂಖ್ಯೆ ಅಂದುಕೊಂಡು ಚುಕ್ಕಿ ಹಾಕಿ ಕುಗ್ಗಿಸಿತ್ತು. ಹಾಗೇ ಸೇವ್ ಮಾಡಿದ್ದರಿಂದ ಕೊನೆಯ ಅಂಕಿಗಳೇ ಹೋಗಿದ್ದವು. ಪುಣ್ಯಕ್ಕೆ ಡೈರಿ ಇತ್ತು. ಕಾಲಂ ಅನ್ನು ಟೆಕ್ಸ್ಟ್ ಮಾಡಿ, ಎಲ್ಲವನ್ನೂ ಕೈಯಲ್ಲೇ ಮತ್ತೆ ತುಂಬಿದೆ.

ಆಮೇಲೆ ಅದೇ ಡೇಟಾ ಹೊರಗೆ ತೆಗೆದು ನೋಡಿದೆ. ಒಂದು ಸಾಫ್ಟ್‌ವೇರ್ ಹೆಸರು, ನಂಬರು ಕೊಟ್ಟಿತು, ನಾವು ಬರೆದಿದ್ದ ನೋಟ್ಸ್ ಕೊಡಲಿಲ್ಲ. ಗ್ರಾಹಕರ ಜೊತೆ ಆಡಿದ ಮಾತೇ ಹೊರಗೆ ಬರದಿದ್ದರೆ ಅಲ್ಲೇ ಸಿಕ್ಕಿಕೊಂಡ ಹಾಗೆ, ಅಲ್ವಾ? ಅದನ್ನು ಕೈಬಿಟ್ಟೆ.

ಉಳಿದ ಎರಡರಲ್ಲಿ ಆಯ್ಕೆ ಮಾಡಿದ್ದು ಪಾರ್ಟ್ನರ್. ಅವನಿಗೆ ಟೈಪ್ ಮಾಡುವುದೆಂದರೆ ಅಲರ್ಜಿ. ಸೈಟ್‌ನಲ್ಲಿ ನಿಂತು ಮೊಬೈಲ್‌ನಲ್ಲಿ ಒಬ್ಬ ಗ್ರಾಹಕರ ವಿವರ ತುಂಬು ಅಂದೆ. ಒಂದರಲ್ಲಿ ಅರ್ಧಕ್ಕೇ ಬಿಟ್ಟ. ಇನ್ನೊಂದರಲ್ಲಿ ಬೇಡದ ಕಾಲಂ ಎಲ್ಲ ತೆಗೆದು ಆರಕ್ಕೆ ಇಳಿಸಿಕೊಟ್ಟಿದ್ದೆ, ಗೊಣಗದೆ ತುಂಬಿದ. ಅದನ್ನೇ ಇಟ್ಟುಕೊಂಡೆವು. ಆರರಲ್ಲಿ ಒಂದನ್ನು ಮಾತ್ರ ತುಂಬಲೇಬೇಕು, ಅದು ಖಾಲಿ ಇದ್ದರೆ ಸೇವ್ ಆಗುವುದಿಲ್ಲ: ಮುಂದಿನ ಫೋನ್ ಯಾವತ್ತು, ಯಾರು ಮಾಡಬೇಕು.